ಬೆಳವಣಿಗೆಗೆಂದು ತಂದ ಬಿಲ್ಲು

ನಾವು ಸಣ್ಣವರಿದ್ದ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಏನನ್ನೂ ಮೈಗೆ ಸರಿಯಾಗಿ ಕೊಳ್ಳುತ್ತಿರಲಿಲ್ಲ. ಶಾಲೆಯ ಸ್ಕರ್ಟಿನ ಅಂಚನ್ನು ಅಗಲವಾಗಿ ಒಳಗೆ ಮಡಚಿ ಹೊಲಿಸುತ್ತಿದ್ದರು, ವರ್ಷ ವರ್ಷ ಇಷ್ಟಿಷ್ಟೇ ಬಿಚ್ಚುತ್ತಾ ಹೋಗಲಿಕ್ಕೆ. ಚಪ್ಪಲಿ ಕೊಂಡರೆ ಹಿಮ್ಮಡಿಯ ಹಿಂದೆ ಅಪ್ಪನ ಹೆಬ್ಬೆರಳು ಹೋಗುವಷ್ಟು ಜಾಗ ಇರಬೇಕು. ನನ್ನ ಮಳೆಕೋಟು ತೊಟ್ಟು ಹೊರಟರೆ ಹುಡುಗಿ ಕಾಣುತ್ತಿರಲಿಲ್ಲ, ಕೋಟೊಂದೇ ಶಾಲೆಗೆ ಹೊರಟ ಹಾಗೆ ಕಾಣುತ್ತಿತ್ತು. "ಬೆಳ್ಯೂ ಕೂಸು, ಇರ್ಲಿ" ಎನ್ನುವುದು ಅಪ್ಪನ ಮಾತು. ಶೇಡಬಾಳದ ಎಲ್ಲ ಮನೆಗಳಲ್ಲೂ ಇದೇ ಕಥೆಯಾದ್ದರಿಂದ ಯಾರೂ ಯಾರನ್ನೂ ನೋಡಿ ನಗುತ್ತಿರಲಿಲ್ಲ. ನಿಮ್ಮಲ್ಲೂ ಎಷ್ಟೋ ಮಂದಿ ಹಾಗೇ ಬೆಳೆದಿರುತ್ತೀರಿ: ಮೊದಲು ದೊಗಳೆ ಬಟ್ಟೆಯಲ್ಲಿ, ಆಮೇಲೆ ಬಿಗಿ ಬಟ್ಟೆಯಲ್ಲಿ. ನಡುವೆ ಒಂದು ದಿನವಾದರೂ ಅದು ಸರಿಯಾಗಿ ಕೂತಿರಬೇಕು, ಆ ದಿನ ಮಾತ್ರ ಯಾರ ನೆನಪಿನಲ್ಲೂ ಇಲ್ಲ.

ನನ್ನ ಬಿಲ್ಲು ಬಂದದ್ದೂ ಇದೇ ಲೆಕ್ಕದಲ್ಲಿ. ಈಗ ದಿನಾ ಸಂಜೆ ಅಂಗನವಾಡಿ ಮುಗಿಸಿ ರಾಯಬಾಗದ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತಾಗ, ಭುಜ ಸೋತು ಬಂದಾಗ, ಮೊದಲು ನೆನಪಾಗುವುದು ಆ ಬಿಲ್ಲೇ. ಕೂರಲು ಜಾಗ ಸಿಕ್ಕ ದಿನ ನೆನಪಾಗುವುದಿಲ್ಲ. ಅಂಥ ದಿನ ಕಡಿಮೆ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಗೆ ಸನದಿ ಸರ್ ಬಂದರು. ಆಟದ ಮಾಸ್ತರು, ಅದೂ ತಾತ್ಪೂರ್ತಿಕ, ಒಂದು ವರ್ಷದ ಮಟ್ಟಿಗೆ. ಬೇರೆ ಶಾಲೆಗಳಲ್ಲಿ ಕಬಡ್ಡಿ, ಖೋಖೋ ನಡೆದಿದ್ದರೆ, ಈ ಪುಣ್ಯಾತ್ಮ ಎಲ್ಲಿಂದಲೋ ಎರಡು ಬಿದಿರಿನ ಬಿಲ್ಲು ತಂದು ಮೈದಾನದ ಆಚೆ ತುದಿಗೆ ಹುಲ್ಲಿನ ದಪ್ಪ ಪೆಂಡಿ ನಿಲ್ಲಿಸಿ, ಅದರ ಮೇಲೆ ಬಣ್ಣದ ಸುತ್ತುಗಳ ಕಾಗದ ಅಂಟಿಸಿದರು. ಹುಡುಗರು ಟಿವಿಯಲ್ಲಿ ಕಂಡ ಯುದ್ಧವನ್ನೆಲ್ಲ ಒಂದೇ ದಿನದಲ್ಲಿ ಮಾಡಿ ಮುಗಿಸಿ ಬೇಜಾರಾಗಿ ಕ್ರಿಕೆಟ್ಟಿಗೆ ಹೋದರು. ನನಗೆ ಮಾತ್ರ ಅದು ಅಂಟಿಕೊಂಡಿತು. ಮನೆಯಲ್ಲಿ ನನಗೆ ಗಡಿಬಿಡಿ ಗಂಗವ್ವ ಎಂದು ಹೆಸರು. ತಂಬಿಗೆ ಹಿಡಿದರೆ ನೀರು ಚೆಲ್ಲಬೇಕು, ಬಾಗಿಲು ದಾಟಿದರೆ ಮೊಣಕೈ ತಾಗಬೇಕು. ಅಂಥವಳು ಹೆದೆ ಎಳೆದು ಗದ್ದಕ್ಕೆ ತಾಗಿಸಿ ನಿಂತ ಕೂಡಲೇ ಒಳಗೆಲ್ಲ ತಣ್ಣಗಾಗುತ್ತಿತ್ತು. ಬಾಣ ಹುಲ್ಲಿಗೆ ನಾಟಿದಾಗ ಬರುವ ಮಂದ ಸಪ್ಪಳಕ್ಕೆ ನಾನು ಇಡೀ ದಿನ ಕಾಯುತ್ತಿದ್ದೆ.

ಸನದಿ ಸರ್ ಒಂದು ಸಂಜೆ ಮನೆಗೆ ಬಂದು ಅಪ್ಪನ ಹತ್ತಿರ ಹೇಳಿದರು. "ದೀಪಾವಳಿ ಆದ ಮ್ಯಾಲೆ ಚಿಕ್ಕೋಡ್ಯಾಗ ಆಯ್ಕಿ ಐತ್ರಿ. ಆರಿಸಿದ್ರ ಕ್ರೀಡಾ ಹಾಸ್ಟೆಲ್ಲು. ಊಟ, ವಸ್ತಿ, ಮುಂದಿನ ಓದು ಎಲ್ಲಾ ಅವರದ. ನಿಮ್ಮ ಮಗಳ ಕೈಯಾಗ ಗುಣ ಐತ್ರಿ." ಅಪ್ಪ ಗುಣದ ಮಾತಿಗೆ ಹೂಂಗುಟ್ಟಿದ, ಓದಿನ ಮಾತಿಗೆ ಸರ್ ಮುಂದೆ ಚಹಾ ಸರಿಸಿದ. ನಾನು ಬಾಗಿಲ ಹಿಂದೆ ನಿಂತು ಕೇಳಿದ್ದು ಓದಿನ ಮಾತೊಂದನ್ನೇ. ಕಾಕಾನ ಮಗಳನ್ನು ಹತ್ತನೆಯದರ ನಂತರ ಮನೆಯಲ್ಲೇ ಕೂರಿಸಿ ಗಂಡು ಹುಡುಕುತ್ತಿದ್ದರು. ಮುಂದಿನ ಸರದಿ ನನ್ನದು ಎಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಮಾತಾಡಿಕೊಳ್ಳುತ್ತಿದ್ದರು. ಹಾಸ್ಟೆಲ್ಲಿಗೆ ಹೋದವಳನ್ನು ಮನೆಯಲ್ಲಿ ಕೂರಿಸಲಿಕ್ಕೆ ಬರುವುದಿಲ್ಲವಲ್ಲ. ಅಷ್ಟು ಲೆಕ್ಕ ನನಗೂ ಬರುತ್ತಿತ್ತು.

ಶಾಲೆಯ ಬಿಲ್ಲುಗಳು ಹುಡುಗರ ಕೈಯಲ್ಲಿ ಅರೆಜೀವವಾಗಿದ್ದವು. ಸ್ವಂತದ್ದು ಬೇಕು ಎಂದರು ಸರ್. ಕೊಲ್ಲಾಪುರಕ್ಕೆ ಹೊರಡುವ ಮುಂಚೆ ಅಪ್ಪನಿಗೆ ಬಿಡಿಸಿ ಹೇಳಿದ್ದರು. "ಎಳ್ಯಾಕ ಬಂದ್ರ ಸಾಲಂಗಿಲ್ರಿ. ಎಳದ ಹಿಡಕೊಂಡು ಆಕಿ ನಿಮ್ಮ ಜೋಡಿ ಮಾತಾಡಬೇಕು. ಮಾತಾಡಾಕ ಉಸರ ಸಾಲಲಿಲ್ಲಂದ್ರ ಅದು ಆಕಿ ಬಿಲ್ಲಲ್ಲ. ಹಗರದ ತರ್ರಿ."

ಅಂಗಡಿಯಲ್ಲಿ ಮೊದಲು ಕೊಟ್ಟದ್ದು ಹಗುರದ್ದೇ. ಎಳೆದೆ, ಹಿಡಿದೆ, "ಅಪ್ಪಾ, ಹಸಿವಾಗೇತಿ" ಎಂದು ಮಾತೂ ಆಡಿದೆ. ಅಪ್ಪ ಅದನ್ನು ತಿರುವಿ ಮುರುವಿ ನೋಡಿದ.

"ಇದು ಈಗ ಸರಿ ಆತು. ಮುಂದಿನ ವರ್ಷಕ್ಕ?"

ಅಂಗಡಿಯವನು ಮರಾಠಿಯಲ್ಲಿ, ಹುಡುಗಿ ಇನ್ನೂ ಸಣ್ಣವಳು, ಇದೇ ಒಯ್ಯಿರಿ ಎಂದ. ಅಪ್ಪನೂ ಮರಾಠಿಯಲ್ಲೇ, ಸಣ್ಣವಳು ಸಣ್ಣವಳಾಗೇ ಇರುತ್ತಾಳೇನು, ಬೆಳೆಯುತ್ತಾಳೆ ಎಂದು ಉತ್ತರ ಕೊಟ್ಟು, ಗೋಡೆಯ ಮೇಲಿನ ದಪ್ಪ ಬಿಲ್ಲು ಇಳಿಸಲು ಹೇಳಿದ. ನಾನು ಹಲ್ಲು ಕಚ್ಚಿ ಎಳೆದರೆ ಅದು ಅರ್ಧಕ್ಕೆ ಬಂತು. ಮುಖಕ್ಕೆ ರಕ್ತ ಏರಿತು. ಅಪ್ಪನಿಗೆ ಮಾತ್ರ ಸಮಾಧಾನ. ಚಪ್ಪಲಿಯ ಹಿಂದೆ ಹೆಬ್ಬೆರಳು ಹೋದಾಗ ಆಗುತ್ತಿದ್ದ ಅದೇ ಸಮಾಧಾನ ಅವನ ಮುಖದಲ್ಲಿ ಕಂಡಿತು. ಬೇಡ ಎಂದರೆ ಯಾವುದೂ ಸಿಗದೆ ಹೋದೀತು ಎಂದು ನಾನೂ ಬಾಯಿ ಮುಚ್ಚಿಕೊಂಡೆ. ಅಪ್ಪ ಅದನ್ನು ಹಳೆಯ ಧೋತರದಲ್ಲಿ ಸುತ್ತಿ, ಮಿರಜ ದಾಟಿ ಊರು ಮುಟ್ಟುವವರೆಗೂ ಮಡಿಲಲ್ಲಿ ಕೂಸು ಮಲಗಿಸಿಕೊಂಡ ಹಾಗೆ ಹಿಡಿದು ಕೂತಿದ್ದ.

ಸನದಿ ಸರ್ ಬಿಲ್ಲನ್ನು ಒಮ್ಮೆ ಎಳೆದು ನೋಡಿದರು. "ಇದು ನನಗ ಸರಿ ಹೋಗತೈತಿ" ಎಂದರು. ಬಯ್ಯಲಿಲ್ಲ. ಅಂಗಡಿಯವನು ತಿರುಗಿ ತೆಗೆದುಕೊಳ್ಳುವುದಿಲ್ಲ, ಅಪ್ಪ ಇನ್ನೊಂದು ಕೊಡಿಸುವುದಿಲ್ಲ ಎಂಬುದು ಅವರಿಗೂ ತಿಳಿದಿತ್ತು. "ಹಂಗಾರ ಸದ್ಯಾ ಬಾಣ ಹೂಡಬ್ಯಾಡ. ಬರೇ ಎಳಿ, ಹಿಡಿ, ಮೆಲ್ಲಕ ಇಳಸು. ಬಾಣ ಇಲ್ಲದ ಬಿಟ್ಟಿ ಅಂದ್ರ ಬಿಲ್ಲು ಸೀಳತೈತಿ, ನೆನಪಿರ್ಲಿ. ತೋಳ ತಾಳಿಕಿ ಬಂದ ಮ್ಯಾಲೆ ಬಾಣದ್ದ ನೋಡೂಣು." ಅಷ್ಟರಲ್ಲಿ ಮಳೆ ಹಿಡಿಯಿತು. ಶಾಲೆಯ ಮೈದಾನ ಕರಿಮಣ್ಣಿನದು. ಒಮ್ಮೆ ತೊಯ್ದರೆ ಎಮ್ಮೆಗಳಿಗಷ್ಟೇ ಉಪಯೋಗ. ಮುಂದಿನದೆಲ್ಲ ಮನೆಯಲ್ಲೇ ಆಗಬೇಕಿತ್ತು.

ಅಪ್ಪ ಹಿತ್ತಲಲ್ಲಿ ರವದಿಯ ಪೆಂಡಿ ಕಟ್ಟಿ ನಿಲ್ಲಿಸಿದ. ಕಬ್ಬಿನ ಒಣಗಿದ ಸೋಗೆಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಚೆನ್ನಾಗಿ ತುಳಿದು ಬಿಗಿದು ಕಟ್ಟಿದರೆ ಬಾಣ ಆಚೆ ದಾಟುವುದಿಲ್ಲ. ಅದನ್ನು ನೋಡಲು ಆಯಿ ಬಂದಳು.

ಆಯಿ ಎಂದರೆ ಅಪ್ಪನ ಅವ್ವ. ಬಿಳಿ ಸೀರೆ, ಬೋಳು ಕೈ, ನೆಲ ನೋಡಿಕೊಂಡೇ ನಡೆಯುವವಳು. ನಾವು ಜೈನರು. ಮನೆಮಂದಿಯೆಲ್ಲ ಹೊತ್ತು ಮುಳುಗುವ ಮುಂಚೆ ಉಣ್ಣುತ್ತಿದ್ದೆವು, ನೀರು ಸೋಸಿ ಕುಡಿಯುತ್ತಿದ್ದೆವು. ಆದರೆ ಮಳೆಗಾಲದ ಚಾತುರ್ಮಾಸ ಬಂತೆಂದರೆ ಆಯಿಯ ನೇಮಕ್ಕೆ ನಾವು ಯಾರೂ ಸಾಟಿಯಲ್ಲ. ಸೊಪ್ಪು ಬಿಡುತ್ತಿದ್ದಳು, ಒಂದೇ ಹೊತ್ತು ಉಣ್ಣುತ್ತಿದ್ದಳು, ಜೋಳದ ಕಾಳನ್ನು ಒಂದೊಂದಾಗಿ ನೋಡಿ ಹುಳ ಇದ್ದರೆ ಬೆರಳ ತುದಿಯಲ್ಲಿ ಎತ್ತಿ ಗೋಡೆಯ ಬುಡಕ್ಕೆ ಬಿಟ್ಟು ಬರುತ್ತಿದ್ದಳು. ಹೆದೆ ಎಳೆಯುವಾಗ ಬೆರಳಿಗೆ ತೊಡಲು ಸರ್ ಕೊಟ್ಟಿದ್ದ ತೊಗಲಿನ ತುಂಡನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಹೆದೆ ಎಳೆದು ಬೆರಳು ಕೆಂಪಾದಾಗ ಅವ್ವ ಮಂಚದ ಹಳೆಯ ನವಾರದ ಪಟ್ಟಿಯನ್ನು ಮಡಚಿ ಅಂಥದ್ದೇ ಒಂದು ಹೊಲಿದುಕೊಟ್ಟಿದ್ದಳು.

ಆಯಿ ಪೆಂಡಿಯ ಮುಂದೆ ಕೂತು ಒಂದು ಹಿಡಿ ರವದಿ ಎಳೆದು ಅಂಗೈ ಚಾಚಿದಳು. ಅಂಗೈಯಲ್ಲಿ ಕಂದು ಬಣ್ಣದ ಸಣ್ಣ ಹುಳಗಳು, ಅವುಗಳ ನಡುವೆ ಇನ್ನೂ ಸಣ್ಣವು, ಓಡಾಡುತ್ತಿದ್ದವು.

"ಮಳಿಗಾಲದಾಗ ಇವಕ್ಕ ಇದ ಮನಿ. ದೀಪಾವಳಿ ತನಕ ಇದಕ್ಕ ಬಾಣ ಬ್ಯಾಡ."

"ಬೇ, ಆಯ್ಕಿ ಐತಿ ಅಂತ ಸರ್ ಹೇಳ್ಯಾರ" ಎಂದ ಅಪ್ಪ.

"ದೀಪಾವಳಿ ಆದ ಮ್ಯಾಲೆ ಐತಿ ಅಂದಿ. ಚಾತುರ್ಮಾಸನೂ ದೀಪಾವಳಿಗೆ ಮುಗೀತೈತಿ. ಮತ್ತೇನ ಅಡ್ಡಿ?"

ಆ ಲೆಕ್ಕದಲ್ಲಿ ತೂರಲು ಎಲ್ಲೂ ಸಂದಿ ಇರಲಿಲ್ಲ. ಅಪ್ಪ ತಲೆಗೆ ಪಟಕಾ ಕಟ್ಟಿಕೊಂಡು ಹೊಲಕ್ಕೆ ಹೋದ. ನನಗೆ ಅಳು ಬಂತು, ಸಿಟ್ಟೂ ಬಂತು. ಹುಳಕ್ಕಿರುವ ಬೆಲೆ ನನಗಿಲ್ಲ ಎಂದು ಒದರಿದೆ. ಆಯಿ ಕೇಳಿಸಿಕೊಂಡು, "ಬಿಲ್ಲ ತಗೊಂಡ ಪಡಸಾಲಿಗೆ ಬಾ" ಎಂದಳು, ಅಷ್ಟೇ.

ಆ ಮಳೆಗಾಲವೆಲ್ಲ ಹೀಗೆ ಹೋಯಿತು. ಹೊರಗೆ ಸೋನೆ, ತೊಯ್ದ ಗೋಡೆಯ ಮಣ್ಣಿನ ವಾಸನೆ, ಕೊಟ್ಟಿಗೆಯಿಂದ ಹೊಗೆ. ಒಳಗೆ ಪಡಸಾಲೆಯ ಕಂಬಕ್ಕೆ ಒರಗಿ ಆಯಿ ಮೊರದಲ್ಲಿ ಕಾಳು ಆರಿಸುತ್ತ ಕೂರುವಳು. ನಾನು ಎದುರಿನ ಗೋಡೆಗೆ ಮುಖ ಮಾಡಿ ಬಿಲ್ಲು ಎಳೆಯಬೇಕು. ಎಳೆದ ಕೂಡಲೇ ಅವಳು ನಮ್ಮ ಐದು ಸಾಲಿನ ಣಮೋಕಾರ ಮಂತ್ರ ಶುರು ಮಾಡುವಳು. ಮಂತ್ರ ಮುಗಿಯುವವರೆಗೆ ಹಿಡಿಯಬೇಕು. ಮುಗಿದ ಮೇಲೆ ಅವಳು, "ಸಾಕವಾ, ಇಳಸ" ಎನ್ನುವಳು. ಆಗ ಹೆದೆಯನ್ನು ಬೆರಳಿನಿಂದ ಜಾರಿಸದೆ, ತಲೆಯ ಮೇಲಿನ ತುಂಬಿದ ಕೊಡ ಇಳಿಸುವಾಗಿನ ಹುಷಾರಿಯಲ್ಲಿ ಮೆಲ್ಲಗೆ ಮೊದಲಿನ ಜಾಗಕ್ಕೆ ಒಯ್ಯಬೇಕು.

ಮೊದಮೊದಲು ಅವಳ ಬಾಯಿಂದ ಮೊದಲ ಸಾಲು ಮುಗಿಯುವುದರೊಳಗೆ ನನ್ನ ತೋಳು ಗಡಗಡ ನಡುಗುತ್ತಿತ್ತು. "ಚಳಿಜ್ವರ ಬಂತೇನ?" ಎಂದು ಆಯಿ ಕಾಳಿನಿಂದ ಕಣ್ಣು ಎತ್ತದೆ ಕೇಳುವಳು. ಗದ್ದದವರೆಗೆ ಹೆದೆ ಬರುತ್ತಲೇ ಇರಲಿಲ್ಲ. ರಾತ್ರಿ ಅವ್ವ ಭುಜಕ್ಕೆ ಹರಳೆಣ್ಣೆ ತಿಕ್ಕುವಳು. ಗಣೇಶನ ಹಬ್ಬದ ಹೊತ್ತಿಗೆ ಹೆದೆ ಗದ್ದಕ್ಕೆ ತಾಗಿತು. ಆಮೇಲೆ ಅರ್ಧ ಮಂತ್ರ, ದಸರೆಯ ಹೊತ್ತಿಗೆ ಪೂರ್ತಿ ಮಂತ್ರ. ಆದರೆ ಮುದುಕಿ ಭಾರಿ ಕಿಲಾಡಿ. ನನ್ನ ತೋಳು ಗಟ್ಟಿಯಾದಂತೆಲ್ಲ ಮಂತ್ರವನ್ನು ಎಳೆದೆಳೆದು ಹೇಳತೊಡಗಿದಳು.

"ಆಯೀ, ನಿನ್ನಿ ಇಷ್ಟ ಉದ್ದ ಇರಲಿಲ್ಲ ಇದು."

"ನಿನ್ನಿ ನೀನೂ ಇಷ್ಟ ಗಟ್ಟಿ ಇರಲಿಲ್ಲ. ಸುಮ್ನ ಹಿಡಿ."

ಅಭ್ಯಾಸ ಮುಗಿದರೆ ಕೈಯಲ್ಲಿ ಶೇಂಗಾ, ಬೆಲ್ಲ ಇಡುವಳು. ಅವಳು ಉಪವಾಸ, ನಾನು ಅವಳೆದುರೇ ಕೂತು ಕಟಕಟ ತಿನ್ನುತ್ತಿದ್ದೆ. ಜಗಳಗಂಟಿಯಂತಿದ್ದ ನನಗೆ ಆ ಹೊತ್ತು ಯಾಕೋ ಇಷ್ಟವಾಗತೊಡಗಿತ್ತು. ಅವಳ ಧ್ವನಿ, ನನ್ನ ಉಸಿರು, ಮೊರದ ಸದ್ದು, ಇವಿಷ್ಟೇ ಇದ್ದವು. ಕೊನೆಗೆ ಆ ಮಾತು ಬಂದೇ ಬರುತ್ತದೆ, ಇಳಿಸು ಎಂದು ಅವಳು ಹೇಳಿಯೇ ಹೇಳುತ್ತಾಳೆ ಎಂಬ ಭರವಸೆಯಲ್ಲಿ ಎಷ್ಟು ಬೇಕಾದರೂ ಹಿಡಿದು ನಿಲ್ಲಬಹುದು ಅನಿಸುತ್ತಿತ್ತು.

ದೀಪಾವಳಿಯ ನಸುಕಿನಲ್ಲಿ ಬಸದಿಗೆ ಹೋಗಿ ಲಾಡು ಅರ್ಪಿಸಿ ಬಂದೆವು. ಚಾತುರ್ಮಾಸ ಮುಗಿಯಿತು. ನಾನು ಚಕ್ಕಲಿ ತಿನ್ನುವುದನ್ನೂ ಬಿಟ್ಟು, ಬಿಲ್ಲಿನ ಜೊತೆ ತಂದಿದ್ದ ಬಾಣಗಳನ್ನು ಒರೆಸಿ ಇಟ್ಟೆ. ಆಯಿ ಮಾತು ತಪ್ಪಲಿಲ್ಲ. ಆ ದಿನವೇ ಪೆಂಡಿ ಬಿಚ್ಚಿ, ರವದಿಯನ್ನು ಮೆಲ್ಲಗೆ ಜಾಡಿಸಿ ಅಂಗಳದಲ್ಲಿ ಹರವಿದಳು. ಬಿಸಿಲು ತಾಗಿದರೆ ಹುಳಗಳು ತಾವಾಗಿ ಎದ್ದು ಹೋಗುತ್ತವೆ, ಆಮೇಲೆ ಕಟ್ಟೋಣ ಎಂದಳು. ಆದರೆ ಆ ವರ್ಷ ಮೋಡ ಬಿಡಲಿಲ್ಲ, ಶಾಲೆಯ ಮೈದಾನವೂ ಆರಲಿಲ್ಲ. ಬೆಳಿಗ್ಗೆ ಹರವುವುದು, ಸಂಜೆ ಒಳಗೆ ಎತ್ತಿಡುವುದು, ಮರುದಿನ ಮತ್ತೆ ಹರವುವುದು. ನಾನು ಕೇಳಿದಾಗೆಲ್ಲ, "ಇನ್ನೊಂದ ಬಿಸಲ ಬೀಳ್ಲಿ" ಎನ್ನುವಳು. ಆ ಇನ್ನೊಂದು ಬಿಸಿಲು ಬೀಳುವ ಮುಂಚೆ ಆಯ್ಕೆಯ ದಿನ ಬಂತು.

"ಹೆದರಬ್ಯಾಡ, ನಿನ್ನ ತೋಳ ತಯಾರೈತಿ" ಎಂದರು ಸನದಿ ಸರ್. ಅವರ ಮಾತು ನಿಜವೇ ಆಗಿತ್ತು. ಚಿಕ್ಕೋಡಿಯ ಮೈದಾನದಲ್ಲಿ ಅಥಣಿ, ನಿಪ್ಪಾಣಿ ಕಡೆಯ ಹುಡುಗಿಯರ ಕೈಯಲ್ಲಿ ಹಗುರ ಬಿಲ್ಲುಗಳಿದ್ದವು. ನನ್ನದನ್ನು ಒಬ್ಬಳು ಮುಟ್ಟಿ ನೋಡಿ, "ಯವ್ವಾ, ಇದನ್ನ ನೀ ಎಳೀತಿ?" ಎಂದಳು. ನನಗೆ ಸ್ವಲ್ಪ ಜಂಬವೇ ಬಂತು. ಅಪ್ಪ ಬೇಲಿಯ ಆಚೆ ನಿಂತು, ಟೋಪಿ ಸರಿಮಾಡಿಕೊಂಡು, ಪಕ್ಕದವರಿಗೆ ಏನೋ ಹೇಳುತ್ತಿದ್ದ. ಬಿಲ್ಲಿನ ಬಗ್ಗೆಯೇ ಇರಬೇಕು.

ಸೀಟಿ ಊದಿದರು. ಬಾಣ ಹೂಡಿದೆ. ಎಳೆದೆ. ಹೆದೆ ಗದ್ದಕ್ಕೆ ತಾಗಿತು. ತೋಳು ಕಲ್ಲಿನ ಹಾಗೆ ನಿಂತಿತು. ನಡುವಿನ ಹಳದಿ ಸುತ್ತು ಅಲುಗಾಡದೆ ಕಣ್ಣೆದುರು ಬಂದು ಕೂತಿತು. ಒಳಗೆ ಆಯಿಯ ಧ್ವನಿ ಶುರುವಾಯಿತು, ಒಂದೊಂದೇ ಸಾಲು, ಎಳೆದೆಳೆದು. ಮುಗಿಯಿತು. ನಾನು ಮೆಲ್ಲಗೆ ಹೆದೆಯನ್ನು ಮೊದಲಿನ ಜಾಗಕ್ಕೆ ಒಯ್ದು ಇಳಿಸಿದೆ.

ಬಾಣ ಬಿಲ್ಲಿನಲ್ಲೇ ಇತ್ತು. ಅಕ್ಕಪಕ್ಕದವರ ಬಾಣಗಳು ಆಗಲೇ ಹುಲ್ಲಿಗೆ ನಾಟಿದ್ದವು. ಗಾಬರಿಯಾಗಿ ಮತ್ತೆ ಎಳೆದೆ. ಈ ಸಲ ಬಿಡಬೇಕು, ಬಿಡಬೇಕು ಎಂದುಕೊಂಡೇ ಹಿಡಿದೆ. ಬೆರಳು ಬಿಚ್ಚಲಿಲ್ಲ. ಬಿಟ್ಟರೆ ಬಿಲ್ಲು ಸೀಳುತ್ತದೆ ಎಂದು ಒಂದು ಹೆದರಿಕೆ, ಅಲ್ಲಿ ಹುಲ್ಲಿನೊಳಗೆ ಏನಿದೆಯೋ ಎಂದು ಇನ್ನೊಂದು. ಇವೆರಡೂ ತಲೆಯಲ್ಲಿರಲಿಲ್ಲ, ಬೆರಳಲ್ಲಿದ್ದವು. ಮತ್ತೆ ಇಳಿಸಿದೆ. "ಬಿಡವಾ, ಪದ್ಮಾ, ಬಿಡು" ಎಂದು ಸನದಿ ಸರ್ ಗೆರೆಯ ಆಚೆಯಿಂದ ಕೂಗುತ್ತಿದ್ದರು. ನಾನು ಅಳುತ್ತಲೇ ಎಳೆದೆ, ಅಳುತ್ತಲೇ ಇಳಿಸಿದೆ. ಕೊನೆಯ ಸೀಟಿ ಊದುವ ಹೊತ್ತಿಗೆ ಹೇಗೋ ಎರಡು ಬಾಣ ಕೈಯಿಂದ ಜಾರಿಹೋಗಿದ್ದವು. ಒಂದು ಮಣ್ಣಿಗೆ, ಇನ್ನೊಂದು ಪಕ್ಕದವಳ ಹುಲ್ಲಿಗೆ. ಉಳಿದವು ಹಾಗೇ ಇದ್ದವು.

ಆರಿಸಲು ಬಂದಿದ್ದ ಹಿರಿಯರೊಬ್ಬರು ಸರ್ ಕಡೆ ತಿರುಗಿ ಬೇಸರದಲ್ಲೇ ಕೇಳಿದರು. "ಹಿಡಿಯೂದು ಈಕಿ ಹಂಗ ಯಾರೂ ಹಿಡಿದಿಲ್ರಿ ಇವತ್ತ. ಬಿಡೂದ ಯಾಕ ಕಲಿಸಲಿಲ್ಲ?" ಸರ್ ನನ್ನ ಕೈಯಿಂದ ಬಿಲ್ಲು ತೆಗೆದುಕೊಂಡು ಹೆದೆ ಸಡಿಲಿಸಿದರು. ಅವರು ಬಾಣವಿಲ್ಲದೆ ಬಿಡಬೇಡ ಎಂದಿದ್ದರು, ಆಯಿ ಬಾಣವೇ ಬೇಡ ಎಂದಿದ್ದಳು, ಅಪ್ಪ ಮುಂದಿನ ವರ್ಷದ ಬಿಲ್ಲು ತಂದಿದ್ದ. ಮೂವರೂ ನನ್ನ ಮೇಲಿನ ಕಕ್ಕುಲತೆಯಿಂದಲೇ ಮಾಡಿದ್ದು. ಯಾರ ಮೇಲೂ ಸಿಟ್ಟು ಮಾಡಲು ಬರದ ಹಾಗೆ ಸೋಲುವುದು ಎಷ್ಟು ದಣಿವಿನ ಕೆಲಸ ಎಂದು ನನಗೆ ಆ ದಿನ ಗೊತ್ತಾಯಿತು.

ಬಸ್ಸಿನಲ್ಲಿ ಅಪ್ಪ ಬಾಳೆಹಣ್ಣು ಸುಲಿದು ಕೊಟ್ಟ. ಮನೆ ಮುಟ್ಟಿದರೆ ಹಿತ್ತಲಲ್ಲಿ ರವದಿಯ ಪೆಂಡಿ ನೆಟ್ಟಗೆ ನಿಂತಿದೆ. ಆ ದಿನ ಶೇಡಬಾಳದಲ್ಲಿ ಚುರುಚುರು ಬಿಸಿಲು ಬಿದ್ದಿತ್ತಂತೆ. ಆಯಿ ಒಬ್ಬಳೇ ಕೂತು ಪೆಂಡಿ ಕಟ್ಟಿದ್ದಳು, ಬಣ್ಣದ ಸುತ್ತುಗಳ ಕಾಗದವನ್ನೂ ಅಂಟಿಸಿದ್ದಳು. ಕಾಗದ ಸ್ವಲ್ಪ ವಾರೆಯಾಗಿತ್ತು.

"ಒಂದ ಜೀವ ಇಲ್ಲ ಈಗ ಅದರಾಗ. ಬಾ, ಹೊಡಿ" ಎಂದು ನಗುತ್ತಾ ಕರೆದಳು.

ನಾನು ಆದದ್ದನ್ನು ಹೇಳಿದೆ. ಅವಳ ನಗು ಹೋಯಿತು. ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

"ಇಷ್ಟ ದಿನದಾಗ ಒಮ್ಮಿನೂ ಬಿಡ ಅನ್ನಲಿಲ್ಲಲ್ಲ ನಾ" ಎಂದಳು.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಅವಳೇ ಎದ್ದು ಬಿಲ್ಲು ತಂದು ಕೈಗೆ ಕೊಟ್ಟಳು. ನಾನು ಎಳೆದೆ. ಅವಳು ಮಂತ್ರ ಹೇಳಿದಳು, ಆ ದಿನ ಎಳೆಯದೆ, ಸರಿಯಾದ ಅಳತೆಯಲ್ಲಿ. ಮುಗಿದ ಮೇಲೆ, "ಬಿಡವಾ" ಎಂದಳು. ಬೆರಳು ತಾನಾಗಿ ಬಿಚ್ಚಿತು. ಬಾಣ ಹಳದಿಯ ನಡುಮಧ್ಯ ಹೋಗಿ ನಿಂತಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ನೋಡಲು ಬೇರೆ ಯಾರೂ ಇರಲಿಲ್ಲ.

ಸನದಿ ಸರ್ ಅವರ ತಾತ್ಪೂರ್ತಿಕ ನೌಕರಿ ಆ ವರ್ಷಕ್ಕೇ ಮುಗಿಯಿತು. ಬಂದ ಹೊಸ ಮಾಸ್ತರರು ಖೋಖೋದವರು. ಹತ್ತನೆಯದಾದ ಮೇಲೆ ನಾನು ಮನೆಯಲ್ಲೇ ಕೂತೆ, ಆಮೇಲೆ ಮದುವೆಯಾಗಿ ರಾಯಬಾಗಕ್ಕೆ ಬಂದೆ, ಮಕ್ಕಳಾದ ಮೇಲೆ ಅಂಗನವಾಡಿ ಸಿಕ್ಕಿತು. ದಿನಾ ಪರರ ಮಕ್ಕಳನ್ನು ತಕ್ಕಡಿಯಲ್ಲಿ ಕೂರಿಸಿ ಎಷ್ಟು ಬೆಳೆದವು ಎಂದು ಮೊಬೈಲಿನಲ್ಲಿ ತುಂಬುತ್ತೇನೆ. ಮನೆಗೆ ಬಂದರೆ ಹಾಸಿಗೆ ಹಿಡಿದ ಅತ್ತೆಯವರನ್ನು ಹೊರಳಿಸುವುದು, ಅಡುಗೆ, ಮಕ್ಕಳ ಪಾಠ, ಫ್ಯಾಕ್ಟರಿಯ ಪಾಳಿ ಮುಗಿಸಿ ಬರುವ ಗಂಡನ ಊಟ. ದೂರು ಹೇಳುತ್ತಿಲ್ಲ, ನಿಮ್ಮ ಮನೆಯಲ್ಲೂ ಇದೇ ಇರುತ್ತದೆ. ದಣಿದಿದ್ದೇನೆ, ಅಷ್ಟೇ.

ಮೊನ್ನೆ ರಜೆಗೆ ಶೇಡಬಾಳಕ್ಕೆ ಹೋದಾಗ ತಮ್ಮ ಅಟ್ಟ ಸ್ವಚ್ಛ ಮಾಡುತ್ತಿದ್ದ. ಧೋತರ ಸುತ್ತಿದ ಬಿಲ್ಲು ಕೆಳಗೆ ಬಂತು. ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಅವಳು ಒರಗುತ್ತಿದ್ದ ಕಂಬವಿದ್ದಲ್ಲಿ ಈಗ ಫ್ರಿಜ್ಜು ನಿಂತಿದೆ. ಕಾಳು ಆರಿಸುವವರು ಯಾರೂ ಇಲ್ಲ, ಆರಿಸಿದ್ದೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹೊಸ ಹುರಿ ಕಟ್ಟಿ ನಾನು ಬಿಲ್ಲು ಎಳೆದೆ. ಸಲೀಸಾಗಿ ಗದ್ದದವರೆಗೆ ಬಂತು. ಬಿದಿರು ಮುದಿಯಾಯಿತೋ, ಕೊಡ ಹೊತ್ತು, ಅತ್ತೆಯವರನ್ನು ಎತ್ತಿ, ಬಸ್ಸಿನ ಸರಳಿಗೆ ಜೋತು ನನ್ನ ತೋಳೇ ಗಟ್ಟಿಯಾಯಿತೋ, ತಿಳಿಯದು. "ನೋಡ, ಸರಿ ಆತಿಲ್ಲ ಈಗ" ಎಂದು ಅಪ್ಪ ಕುರ್ಚಿಯಲ್ಲಿ ಕೂತು ಖುಷಿಪಟ್ಟ. ಹೌದು, ಅವನು ಕೊಡಿಸಿದ್ದರಲ್ಲಿ ಅದೊಂದೇ ನನ್ನ ಮೈಗೆ ಸರಿಯಾಗಿ ಕೂತದ್ದು, ಈ ವಯಸ್ಸಿನಲ್ಲಿ.

ಫ್ರಿಜ್ಜಿನ ಕಡೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಹಿಡಿದೆ. ಮನಸ್ಸಿನಲ್ಲೇ ಮಂತ್ರ ಹೇಳಿಕೊಂಡೆ, ಅವಳ ಹಾಗೆಯೇ ಎಳೆದೆಳೆದು. ಮುಗಿಯಿತು. ತೋಳು ನಡುಗಲಿಲ್ಲ. ನಾನು ಹಾಗೇ ನಿಂತಿದ್ದೆ.

"ಅವ್ವಾ, ಬಾಣನ ಇಲ್ಲಲ್ಲ. ಯಾಕ ಹಂಗ ನಿಂತಿ?" ಎಂದಳು ನನ್ನ ಮಗಳು.

ಹಿಡಿಯುವುದು ನನಗೆ ಈಗ ಕಷ್ಟವೇ ಅಲ್ಲ, ಎಷ್ಟು ಹೊತ್ತಾದರೂ ಹಿಡಿಯುತ್ತೇನೆ. ನನ್ನ ಕಡೆ ನೋಡದೆಯೇ ನನ್ನ ತೋಳಿನ ದಣಿವು ತಿಳಿದುಕೊಂಡು, ಸಾಕವಾ, ಇಳಸ ಅನ್ನುವವರು ಈ ಲೋಕದಲ್ಲಿ ಒಬ್ಬರೇ ಇದ್ದರು. ಆ ಮಾತಿಗೆ ಕಾಯುತ್ತ ನಿಂತಿದ್ದೆ.